ಐದು ವರ್ಷದ ಗಣಿತ: ಲೆಕ್ಕ ಕೊನೆಯಿಂದ ಹಾಕಿ

ಪಿಯುಸಿ ಮುಗಿಸಿದ ಮಗನೋ ಮಗಳೋ ಗಣಿತವನ್ನೇ ಓದುತ್ತೇನೆ ಎಂದಾಗ ಮನೆಯಲ್ಲಿ ಯಾರಾದರೊಬ್ಬರು ಈ ಮಾತು ತೆಗೆಯುತ್ತಾರೆ: ‘ಡಿಗ್ರಿ, ಮಾಸ್ಟರ್ಸ್ ಎರಡೂ ಒಟ್ಟಿಗೇ ಸಿಗೋ ಕೋರ್ಸ್ ಇದೆಯಂತೆ, ಒಂದು ವರ್ಷ ಉಳಿಯುತ್ತಂತೆ.’ ಕೋರ್ಸ್ ಇರುವುದು ನಿಜ, ವರ್ಷ ಉಳಿಯುವುದು ಸುಳ್ಳು. ಮೂರು ವರ್ಷದ ಬಿಎಸ್ಸಿಗೆ ಎರಡು ವರ್ಷದ ಎಂಎಸ್ಸಿ ಕೂಡಿಸಿದರೂ ಐದು, ನಾಲ್ಕು ವರ್ಷದ ಆನರ್ಸ್‌ಗೆ ಒಂದು ವರ್ಷದ ಎಂಎಸ್ಸಿ ಕೂಡಿಸಿದರೂ ಐದು, ಸಂಯೋಜಿತ ಬಿಎಸ್-ಎಂಎಸ್ ಕೂಡ ಐದೇ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) ಈಗಿನ ಚೌಕಟ್ಟಿನಲ್ಲಿ ವರ್ಷಕ್ಕೆ 40 ಕ್ರೆಡಿಟ್ ಎಂಬ, ಓದಿನ ಭಾರದ ಅಳತೆ ಇದೆ. 120ಕ್ಕೆ 80 ಸೇರಿಸಿ ನೋಡಿ, 160ಕ್ಕೆ 40 ಸೇರಿಸಿ ನೋಡಿ, ಮೊತ್ತ ಅದೇ 200.

ಲಾಭ ಬೇರೆ ಕಡೆ ಇದೆ. ನಮ್ಮ ಕಾಲೇಜುಗಳ ಬಿಎಸ್ಸಿಯಲ್ಲಿ ಪಿಸಿಎಂ, ಪಿಎಂಸಿಎಸ್ ಥರದ ಮೂರು ವಿಷಯಗಳ ಜೋಡಣೆಯೇ ಬಳಕೆಯಲ್ಲಿರುವುದು. ಗಣಿತಕ್ಕೆ ಸಿಗುವುದು ಹೆಚ್ಚುಕಡಿಮೆ ಮೂರನೇ ಒಂದು ಪಾಲು. ಹೀಗೆ ಬೇರೆ ಬೇರೆ ಕಾಲೇಜುಗಳಿಂದ ಬಂದವರನ್ನು ಒಂದೇ ಮಟ್ಟಕ್ಕೆ ತರಲು ಎಂಎಸ್ಸಿಯ ಮೊದಲ ವರ್ಷ ರಿಯಲ್ ಅನಾಲಿಸಿಸ್, ಗ್ರೂಪ್ ಥಿಯರಿ, ಲೀನಿಯರ್ ಆಲ್ಜೀಬ್ರಾಗಳನ್ನು ಮತ್ತೆ ಬುಡದಿಂದ ಹೇಳಿಕೊಡುತ್ತಾರೆ. ಸಂಯೋಜಿತ ಪದವಿಯಲ್ಲಿ ಈ ಎರಡನೇ ಸುತ್ತು ಇರುವುದಿಲ್ಲ. ಉಳಿದ ಆ ಎರಡು ಸೆಮಿಸ್ಟರ್‌ಗಳೇ ಕೊನೆಗೆ ಒಂದು ಇಡೀ ವರ್ಷದ ಥೀಸಿಸ್ ಆಗಿ ಕೈಗೆ ಬರುತ್ತವೆ. ಆದರೆ ಇದಕ್ಕೆ ಬೆಲೆ ಉಂಟು: ಎರಡನೇ ಸುತ್ತು ಇಲ್ಲವೆಂದರೆ ಮೊದಲ ಸುತ್ತಿನಲ್ಲಿ ಬಿಟ್ಟದ್ದನ್ನು ಯಾರೂ ಮತ್ತೆ ಹೇಳಿಕೊಡುವುದಿಲ್ಲ. ಎರಡನೇ ವರ್ಷದಲ್ಲಿ ತೇಲಿಸಿ ಓದಿದ ಕೋರ್ಸು ನಾಲ್ಕನೇ ವರ್ಷದಲ್ಲಿ ಸಾಲಗಾರನಂತೆ ಬಾಗಿಲಿಗೆ ಬಂದು ನಿಲ್ಲುತ್ತದೆ.

ಎಲ್ಲೆಲ್ಲಿ, ಹೇಗೆ

ಈ ದಾರಿಯ ದೊಡ್ಡ ಹೆಸರು ಐಸರ್‌ಗಳು, ಅಂದರೆ ಕೇಂದ್ರ ಸರ್ಕಾರದ ವಿಜ್ಞಾನ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಗಳು. 2006ರಲ್ಲಿ ಪುಣೆ ಮತ್ತು ಕೋಲ್ಕತ್ತ, 2007ರಲ್ಲಿ ಮೊಹಾಲಿ, 2008ರಲ್ಲಿ ಭೋಪಾಲ್ ಮತ್ತು ತಿರುವನಂತಪುರ, ಆಮೇಲೆ ತಿರುಪತಿ, ಬರ್ಹಾಂಪುರ ಸೇರಿ ಒಟ್ಟು ಏಳು. ಪ್ರವೇಶಕ್ಕೆ ಐಎಟಿ ಎಂಬ ಪರೀಕ್ಷೆ: ಮೂರು ಗಂಟೆ, 60 ಪ್ರಶ್ನೆ. ಜೀವಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಭೌತಶಾಸ್ತ್ರ ತಲಾ 15. ಸರಿಗೆ 4, ತಪ್ಪಿಗೆ 1 ಕಡಿತ, ಒಟ್ಟು 240 ಅಂಕ. ಪಿಸಿಎಂಸಿ ಓದಿದವರಿಗೆ ಜೀವಶಾಸ್ತ್ರದ 60 ಅಂಕ ಕಂಡು ದಿಗಿಲಾಗುವುದು ಸಹಜ. ಆ ಭಾಗವನ್ನು ಬಿಟ್ಟು ಉಳಿದ 180ರಲ್ಲಿ ಗಳಿಸಿದ್ದರ ಮೇಲೆ ರ್‍ಯಾಂಕ್ ಪಡೆಯಬಹುದು, ಯಾರೂ ತಡೆಯುವುದಿಲ್ಲ. ಗೊತ್ತಿಲ್ಲದ್ದಕ್ಕೆ ಊಹೆ ಹೊಡೆದು ಕೈಯಲ್ಲಿದ್ದ ಅಂಕ ಕಳೆದುಕೊಳ್ಳುವುದೇ ದೊಡ್ಡ ನಷ್ಟ. ಸೇರಿದ ಮೇಲೆ ಮೊದಲ ವರ್ಷ ಎಲ್ಲ ವಿಜ್ಞಾನಗಳನ್ನೂ ಓದಲೇಬೇಕು ಎಂಬುದನ್ನು ಮಾತ್ರ ಮೊದಲೇ ಒಪ್ಪಿಕೊಂಡು ಹೋಗಿ.

ಬೆಂಗಳೂರಿನ ಐಐಎಸ್ಸಿಯಲ್ಲಿ 2011ರಲ್ಲಿ ಶುರುವಾದ ನಾಲ್ಕು ವರ್ಷದ ಬಿಎಸ್ ರಿಸರ್ಚ್ ಪದವಿಯ ಕಟ್ಟು ಸ್ವಲ್ಪ ಬೇರೆ. ಮೊದಲ ಮೂರು ಸೆಮಿಸ್ಟರ್ ಎಲ್ಲರಿಗೂ ಸಾಮಾನ್ಯ, ನಂತರ ಗಣಿತದ ಮೇಜರ್, ನಾಲ್ಕನೇ ವರ್ಷದಲ್ಲಿ ಪ್ರಾಜೆಕ್ಟ್. ಬೇಕಾದವರು ಐದನೇ ವರ್ಷ ಅಲ್ಲೇ ಉಳಿದು ಎಂಎಸ್ ಪಡೆಯಬಹುದು. ಭುವನೇಶ್ವರದ ನೈಸರ್, ಮುಂಬೈನ ಸಿಇಬಿಎಸ್ ಎಂಬ ಮೂಲವಿಜ್ಞಾನ ಸಂಸ್ಥೆಗಳಲ್ಲಿ ಐದು ವರ್ಷದ ಎಂಎಸ್ಸಿ ಇದೆ. ಅದಕ್ಕೆ ನೆಸ್ಟ್ ಪರೀಕ್ಷೆ. ಹೈದರಾಬಾದ್ ವಿಶ್ವವಿದ್ಯಾಲಯದ ಸಂಯೋಜಿತ ಎಂಎಸ್ಸಿಗೆ ಸಿಯುಇಟಿ ಎಂಬ ಸಾಮಾನ್ಯ ಪ್ರವೇಶ ಪರೀಕ್ಷೆ.

ಮೊದಲ ದಿನದಿಂದ ಗಣಿತವೇ ಬೇಕು, ಪ್ರಯೋಗಾಲಯದ ಕೋಟು ಹಾಕಲಾರೆ ಎನ್ನುವವರಿಗೆ ಬೆಂಗಳೂರಿನ ಮೈಸೂರು ರಸ್ತೆಯ ಐಎಸ್ಐನ (ಭಾರತೀಯ ಸಾಂಖ್ಯಿಕ ಸಂಸ್ಥೆ) ಬಿ.ಮ್ಯಾಥ್ ಮತ್ತು ಚೆನ್ನೈ ಸಿರುಸೇರಿಯ ಸಿಎಂಐನ (ಚೆನ್ನೈ ಗಣಿತ ಸಂಸ್ಥೆ) ಬಿಎಸ್ಸಿ ಹೆಚ್ಚು ಒಗ್ಗುತ್ತವೆ. ಎರಡಕ್ಕೂ ಸ್ವಂತ ಪ್ರವೇಶ ಪರೀಕ್ಷೆ ಇದೆ, ಎರಡರಲ್ಲೂ ಬಿಡಿಸಿ ಬರೆಯುವ ಪ್ರಶ್ನೆಗಳಿವೆ. ಕೋಚಿಂಗ್‌ನ ಶಾರ್ಟ್‌ಕಟ್ ಅಲ್ಲಿ ನಡೆಯುವುದಿಲ್ಲ. ಇವು ಸಂಯೋಜಿತ ಪದವಿಗಳಲ್ಲ, ಎಂಎಸ್ಸಿ ಅಥವಾ ಎಂ.ಮ್ಯಾಥ್ ಬೇರೆಯೇ ಆಗಿ ಬರುತ್ತದೆ. ಆದರೂ ಕೆಳಗಿನ ಯೋಜನೆಯ ಲೆಕ್ಕ ಇವಕ್ಕೂ ಹೊಂದುತ್ತದೆ.

ಕರ್ನಾಟಕದ ವಿದ್ಯಾರ್ಥಿಗಳು ಒಂದು ಸಂಗತಿ ಗಮನಿಸಬೇಕು. 2021-22ರಲ್ಲಿ ರಾಜ್ಯದ ವಿಶ್ವವಿದ್ಯಾಲಯಗಳಿಗೆ ಬಂದ ನಾಲ್ಕು ವರ್ಷದ ಆನರ್ಸ್ ಪದ್ಧತಿಯನ್ನು 2024-25ರಿಂದ ಕೈಬಿಟ್ಟು ಮತ್ತೆ ಮೂರು ವರ್ಷದ ಪದವಿಗೆ ಬರಲಾಗಿದೆ. ಮೂರು ವರ್ಷದ ಬಿಎಸ್ಸಿ ಹಿಡಿದುಕೊಂಡು ಒಂದು ವರ್ಷದ ಎಂಎಸ್ಸಿಗೆ ಹೋಗಲಾಗದು. ಎರಡು ವರ್ಷದ್ದೇ ಆಗಬೇಕು. ಒಳ್ಳೆಯ ಎಂಎಸ್ಸಿಗೆ ಅಲ್ಲಿಂದ ದಾರಿ ಐಐಟಿ ಜ್ಯಾಮ್ ಎಂಬ ಪ್ರವೇಶ ಪರೀಕ್ಷೆ: 60 ಪ್ರಶ್ನೆ, 100 ಅಂಕ, ಮೂರು ಗಂಟೆ. ಅದರ ಪಠ್ಯ ಬಹುತೇಕ ಒಳ್ಳೆಯ ಬಿಎಸ್ಸಿಯ ಮೊದಲ ಎರಡು ವರ್ಷದ್ದು. ಐಐಎಸ್ಸಿಯ ಗಣಿತದ ಇಂಟಿಗ್ರೇಟೆಡ್ ಪಿಎಚ್‌ಡಿಗೂ ಇದೇ ಬಾಗಿಲು.

ಹತ್ತು ಕಂಬದ ಹಾಳೆ

ಯೋಜನೆ ಹಾಕುವಾಗ ಹೆಚ್ಚಿನವರು ಮಾಡುವ ತಪ್ಪು ಒಂದೇ: ಮುಂದಿನ ಸೆಮಿಸ್ಟರ್‌ಗೆ ಏನು ತೆಗೆದುಕೊಳ್ಳಲಿ ಎಂದು ಕೇಳುವುದು. ಕೇಳಬೇಕಾದ್ದು ಥೀಸಿಸ್ ಯಾವ ಕಡೆ, ಅದಕ್ಕೆ ಏನೇನು ಬೇಕು, ಅದಕ್ಕೂ ಮೊದಲು ಏನು ಬೇಕು. ಒಂದು ಅಗಲ ಹಾಳೆ ತೆಗೆದುಕೊಂಡು ಹತ್ತು ಸೆಮಿಸ್ಟರ್‌ಗೆ ಹತ್ತು ಕಂಬ ಎಳೆಯಿರಿ. ಒಂಬತ್ತು, ಹತ್ತನ್ನು ಥೀಸಿಸ್‌ಗೆ ಬಿಟ್ಟು ಎಂಟನೆಯದರಿಂದ ಹಿಂದಕ್ಕೆ ತುಂಬುತ್ತಾ ಬನ್ನಿ. ಪ್ರತಿ ಕೋರ್ಸಿನ ಪಕ್ಕದಲ್ಲಿ ಅದು ಬೆಸ ಸೆಮಿಸ್ಟರ್‌ನಲ್ಲಿ ನಡೆಯುತ್ತದೆಯೋ ಸಮ ಸೆಮಿಸ್ಟರ್‌ನಲ್ಲೋ ಎಂದು ಬರೆಯಿರಿ. ಈ ಸಣ್ಣ ಗುರುತು ಎಲ್ಲಕ್ಕಿಂತ ಮುಖ್ಯ. ಯಾಕೆ ಎಂಬುದಕ್ಕೆ ಒಂದು ಉದಾಹರಣೆ.

ಆಲ್ಜೀಬ್ರೇಕ್ ನಂಬರ್ ಥಿಯರಿಯಲ್ಲಿ ಥೀಸಿಸ್ ಮಾಡುವ ಆಸೆ ಇದೆ ಅನ್ನಿ. ಅದಕ್ಕೆ ಗಾಲ್ವಾ ಥಿಯರಿ ಬೇಕು, ಕಮ್ಯುಟೇಟಿವ್ ಆಲ್ಜೀಬ್ರಾ ಇದ್ದರೆ ಇನ್ನೂ ಒಳ್ಳೆಯದು. ಇವೆರಡಕ್ಕೂ ರಿಂಗ್ ಮತ್ತು ಮಾಡ್ಯೂಲ್‌ಗಳು ಬೇಕು. ರಿಂಗ್‌ಗೆ ಮೊದಲು ಗ್ರೂಪ್ ಥಿಯರಿ, ಅದರ ಜೊತೆಜೊತೆಗೆ ಗಟ್ಟಿಯಾದ ಲೀನಿಯರ್ ಆಲ್ಜೀಬ್ರಾ. ಸರಾಗವಾಗಿ ನಡೆದರೆ 3ನೇ ಸೆಮಿಸ್ಟರ್‌ನಲ್ಲಿ ಗ್ರೂಪ್, 4ರಲ್ಲಿ ರಿಂಗ್, 5ರಲ್ಲಿ ಗಾಲ್ವಾ, 6ರಲ್ಲಿ ಕಮ್ಯುಟೇಟಿವ್ ಆಲ್ಜೀಬ್ರಾ, 7ರಲ್ಲಿ ನಂಬರ್ ಥಿಯರಿ. 8ನೆಯದು ಕೈಯಲ್ಲಿ ಉಳಿಯುತ್ತದೆ, ಮಾರ್ಗದರ್ಶಕರ ಜೊತೆ ರೀಡಿಂಗ್ ಕೋರ್ಸ್ ಮಾಡಲು ಸರಿಯಾದ ಹೊತ್ತು ಅದು. ಈಗ 4ರಲ್ಲಿ ರಿಂಗ್ ಥಿಯರಿ ಫೇಲಾಯಿತು, ಅಥವಾ ಟೈಮ್‌ಟೇಬಲ್ ಡಿಕ್ಕಿ ಹೊಡೆದು ಬಿಟ್ಟುಬಿಟ್ಟಿರಿ. ಅದು ಮತ್ತೆ ಬರುವುದು 6ರಲ್ಲಿ. ಗಾಲ್ವಾ 7ಕ್ಕೆ, ಕಮ್ಯುಟೇಟಿವ್ ಆಲ್ಜೀಬ್ರಾ 8ಕ್ಕೆ, ನಂಬರ್ ಥಿಯರಿ 9ಕ್ಕೆ ಸರಿಯುತ್ತವೆ. ಥೀಸಿಸ್ ಬರೆಯಬೇಕಾದ ವರ್ಷದಲ್ಲಿ ಅದರ ಅಡಿಪಾಯದ ಕೋರ್ಸಿಗೆ ಹೋಮ್‌ವರ್ಕ್ ಬರೆಯುತ್ತಾ ಕೂರಬೇಕಾಗುತ್ತದೆ. ಒಂದು ಬ್ಯಾಕ್‌ಲಾಗ್, ಎರಡು ಸೆಮಿಸ್ಟರ್ ನಷ್ಟ.

ಅನಾಲಿಸಿಸ್ ಕಡೆಯ ಸರಪಳಿಯೂ ಇಷ್ಟೇ ಉದ್ದ. ರಿಯಲ್ ಅನಾಲಿಸಿಸ್, ಅದರ ಮೇಲೆ ಮೆಟ್ರಿಕ್ ಸ್ಪೇಸ್ ಮತ್ತು ಟೋಪಾಲಜಿ, ಮೆಷರ್ ಥಿಯರಿ, ಫಂಕ್ಷನಲ್ ಅನಾಲಿಸಿಸ್, ಕೊನೆಗೆ ಪಿಡಿಇ (ಪಾರ್ಶಿಯಲ್ ಡಿಫರೆನ್ಷಿಯಲ್ ಈಕ್ವೇಶನ್) ಅಥವಾ ಪ್ರಾಬಬಿಲಿಟಿಯ ಮುಂದುವರಿದ ಭಾಗ. ಜ್ಯಾಮಿತಿಯವರ ಕಷ್ಟ ಬೇರೆ: ಅವರ ಸರಪಳಿ ಉದ್ದ ಕಡಿಮೆ, ಆದರೆ ಅಗಲ. ಮ್ಯಾನಿಫೋಲ್ಡ್‌ಗಳ ಕೋರ್ಸ್ ಅರ್ಥವಾಗಲು ಟೋಪಾಲಜಿ, ಹಲವು ಚರಗಳ ಕಲನ, ಲೀನಿಯರ್ ಆಲ್ಜೀಬ್ರಾ ಮೂರೂ ಒಟ್ಟಿಗೆ ಸಿದ್ಧವಿರಬೇಕು. ಆಲ್ಜೀಬ್ರೇಕ್ ಟೋಪಾಲಜಿಗೆ ಗ್ರೂಪ್ ಥಿಯರಿಯೂ ಸೇರುತ್ತದೆ. ಹಲವು ಚರಗಳ ಕಲನದಲ್ಲಿ ಇನ್ವರ್ಸ್ ಫಂಕ್ಷನ್ ಥಿಯರಂ ಅನ್ನು ಸಾಧನೆ (ಪ್ರೂಫ್) ಸಮೇತ ಓದದೆ ಬರೀ ಇಂಟಿಗ್ರಲ್ ಬಿಡಿಸಿಕೊಂಡು ಬಂದವರು ಮ್ಯಾನಿಫೋಲ್ಡ್‌ನ ಎರಡನೇ ವಾರದಲ್ಲೇ ಸಿಕ್ಕಿಬೀಳುತ್ತಾರೆ.

ಪಿಯುಸಿ ಮುಗಿಸಿದ ಹದಿನೆಂಟರ ವಯಸ್ಸಿಗೆ ಥೀಸಿಸ್ ಯಾವುದರಲ್ಲಿ ಎಂದು ಯಾರಿಗೆ ಗೊತ್ತಿರುತ್ತದೆ? ಯಾರಿಗೂ ಇಲ್ಲ, ಇರಬೇಕಾಗಿಯೂ ಇಲ್ಲ. ಅದಕ್ಕೇ ಲೀನಿಯರ್ ಆಲ್ಜೀಬ್ರಾ, ರಿಯಲ್ ಅನಾಲಿಸಿಸ್, ಗ್ರೂಪ್ ಮತ್ತು ರಿಂಗ್, ಟೋಪಾಲಜಿ ಇಷ್ಟನ್ನು 5ನೇ ಸೆಮಿಸ್ಟರ್ ಒಳಗೆ ಮುಗಿಸಿಕೊಳ್ಳುವುದು. ಮೇಲಿನ ಸರಪಳಿಗಳೆಲ್ಲ ಈ ನಾಲ್ಕರಿಂದಲೇ ಹೊರಡುವುದರಿಂದ ಆಯ್ಕೆಯನ್ನು ಮೂರನೇ ವರ್ಷದ ಕೊನೆಯವರೆಗೂ ಮುಂದೂಡಬಹುದು. ನಾಲ್ಕರಲ್ಲಿ ಒಂದು ಬಾಕಿ ಉಳಿದರೂ ನಿಮ್ಮ ಪರವಾಗಿ ಟೈಮ್‌ಟೇಬಲ್ ಆಯ್ಕೆ ಮಾಡುತ್ತದೆ.

ಪಿಎಚ್‌ಡಿ ಬೇಡ, ಕೆಲಸ ಬೇಕು ಎನ್ನುವವರ ಹಾಳೆಯೂ ಇದೇ ರೀತಿ. ಕೊನೆಯಲ್ಲಿ ಇಡುವ ಹೆಸರುಗಳು ಬೇರೆ: ಪ್ರಾಬಬಿಲಿಟಿ, ಸ್ಟ್ಯಾಟಿಸ್ಟಿಕ್ಸ್, ನ್ಯೂಮರಿಕಲ್ ಲೀನಿಯರ್ ಆಲ್ಜೀಬ್ರಾ, ಆಲ್ಗರಿದಮ್ಸ್. ಪೈಥಾನ್ ಕಲಿಯುವುದನ್ನು ಮೊದಲ ವರ್ಷವೇ ಮುಗಿಸಿ. ಮೆಷರ್ ಥಿಯರಿ ಇವರಿಗೆ ಅನಗತ್ಯ ಎಂಬ ಮಾತು ಕೇಳಿಬರುತ್ತದೆ, ಒಪ್ಪಬೇಡಿ. ಹಣಕಾಸು ಗಣಿತದ ಪುಸ್ತಕ ತೆರೆದರೆ ಅದೇ ಎದುರಾಗುತ್ತದೆ.

ಮೊದಲ ವರ್ಷದ ಗುಂಡಿ

ಜೆಇಇಗೆ ತಯಾರಾಗಿ ಬಂದವರು ‘ಕಲನಶಾಸ್ತ್ರ ನನಗೆ ಗೊತ್ತು’ ಎಂಬ ಧೈರ್ಯದಲ್ಲಿ ಮೊದಲ ಸೆಮಿಸ್ಟರ್ ಹಗುರವಾಗಿ ಕಳೆಯುತ್ತಾರೆ. ಅವರಿಗೆ ಗೊತ್ತಿರುವುದು ಲೆಕ್ಕ ಬಿಡಿಸುವುದು, ಇಲ್ಲಿ ಕೇಳುವುದು ಸಾಧನೆ. ಮುಚ್ಚಿದ ಅಂತರದ ಮೇಲಿನ ನಿರಂತರ ಫಲನಕ್ಕೆ ಗರಿಷ್ಠ ಬೆಲೆ ಇದ್ದೇ ಇರುತ್ತದೆ ಎಂಬುದನ್ನು ಎಲ್ಲರೂ ಬಳಸಿರುತ್ತಾರೆ. ಯಾಕೆ ಎಂದು ಕೇಳಿದರೆ ಗ್ರಾಫ್ ಬರೆದು ತೋರಿಸುತ್ತಾರೆ. ಗ್ರಾಫ್ ಉತ್ತರವಲ್ಲ.

ಬಹಳ ಜನ ಎಡವುವ ಜಾಗ ಯಾವುದೆಂದರೆ ‘ಪ್ರತಿಯೊಂದಕ್ಕೂ ಒಂದು ಇದೆ’ ಮತ್ತು ‘ಒಂದು ಇದೆ, ಅದು ಪ್ರತಿಯೊಂದಕ್ಕೂ ಆಗುತ್ತದೆ’ ಎಂಬ ಎರಡು ವಾಕ್ಯಗಳ ನಡುವಿನ ಅಂತರ. ಪ್ರತಿ ಬೀಗಕ್ಕೂ ಒಂದು ಕೀಲಿಕೈ ಇದೆ ಎಂದರೆ ಗೊಂಚಲು ಬೇಕು. ಒಂದೇ ಕೀಲಿಕೈ ಎಲ್ಲ ಬೀಗಕ್ಕೂ ಆಗುತ್ತದೆ ಎಂದರೆ ಮಾಸ್ಟರ್ ಕೀ. ಸಾಮಾನ್ಯ ನಿರಂತರತೆಯಲ್ಲಿ ಎಪ್ಸಿಲಾನ್ (ಫಲನದ ಬೆಲೆ ಎಷ್ಟರೊಳಗೆ ಬದಲಾಗಬಹುದು ಎಂಬ ಮಿತಿ) ಕೊಟ್ಟ ಮೇಲೆ ಪ್ರತಿ ಬಿಂದುವಿಗೂ ಬೇರೆ ಬೇರೆ ಡೆಲ್ಟಾ (ಬಿಂದುವಿನಿಂದ ಎಷ್ಟು ದೂರ ಸರಿಯಬಹುದು ಎಂಬ ಮಿತಿ) ಇರಬಹುದು. ಏಕರೂಪ ನಿರಂತರತೆಯಲ್ಲಿ ಒಂದೇ ಡೆಲ್ಟಾ ಎಲ್ಲ ಬಿಂದುಗಳಿಗೂ ಸಾಲಬೇಕು. ವರ್ಗ ಮಾಡುವ ಫಲನ 0ಯಿಂದ 1ರವರೆಗೆ ಏಕರೂಪವಾಗಿ ನಿರಂತರ, ಇಡೀ ಸಂಖ್ಯಾರೇಖೆಯ ಮೇಲೆ ಅಲ್ಲ: ದೂರ ಹೋದಷ್ಟೂ ಅದು ಕಡಿದಾಗುತ್ತದೆ, ಡೆಲ್ಟಾ ಸಣ್ಣದಾಗುತ್ತಲೇ ಹೋಗಬೇಕಾಗುತ್ತದೆ. ಈ ಒಂದು ಉದಾಹರಣೆಯನ್ನು ಪುಸ್ತಕ ಮುಚ್ಚಿಟ್ಟು ಪೂರ್ತಿ ಬರೆಯಲು ಬಂದರೆ ಮೊದಲ ಸೆಮಿಸ್ಟರ್ ದಂಡವಾಗಿಲ್ಲ ಎಂದು ತಿಳಿಯಿರಿ.

ಇನ್ನೊಂದು ಗುಂಡಿ ಅತಿಯಾಸೆ. ಸಾಧನೆಯೇ ಮುಖ್ಯವಾಗಿರುವ ಒಂದು ಕೋರ್ಸಿಗೆ ವಾರಕ್ಕೆ ಮೂರು ಗಂಟೆ ಪಾಠ, ಒಂದು ಗಂಟೆ ಟ್ಯುಟೋರಿಯಲ್, ಸಮಸ್ಯೆಗಳ ಹಾಳೆಗೆ ಏಳೆಂಟು ಗಂಟೆ ಹಿಡಿಯಿರಿ. ಹತ್ತಿರ ಹತ್ತಿರ 12 ಗಂಟೆ. ಇಂಥವು ಮೂರು ಆದರೆ 36. ಉಳಿದ ಎರಡು ಕೋರ್ಸು, ಊಟ, ನಿದ್ದೆ, ಮೆಸ್ಸಿನ ಹರಟೆ ಎಲ್ಲ ಸೇರಿದರೆ ವಾರ ಮುಗಿಯಿತು. ನಾಲ್ಕನೆಯದನ್ನು ತೆಗೆದುಕೊಂಡವರು ನಾಲ್ಕರ ಹೋಮ್‌ವರ್ಕ್‌ನ್ನೂ ಗೆಳೆಯರಿಂದ ನಕಲು ಮಾಡುವ ಸ್ಥಿತಿಗೆ ಬರುತ್ತಾರೆ. ಗ್ರೇಡು ಬಂದೀತು, ಕೋರ್ಸ್ ಬರುವುದಿಲ್ಲ.

ಬೇಸಿಗೆಗಳು

ಐದು ವರ್ಷದಲ್ಲಿ ನಾಲ್ಕು ಬೇಸಿಗೆ ಸಿಗುತ್ತವೆ. ಮೊದಲನೆಯದನ್ನು ಊರಲ್ಲಿ ಕಳೆಯಿರಿ. ಎರಡನೆಯದಕ್ಕೆ ಎಂಟಿಟಿಎಸ್ ಎಂಬ ಗಣಿತ ಶಿಬಿರಕ್ಕಿಂತ ಒಳ್ಳೆಯದು ಕಡಿಮೆ. 1993ರಿಂದ ನಡೆಯುತ್ತಿರುವ, ನಾಲ್ಕು ವಾರದ, ಹಂತಗಳಾಗಿ ವಿಂಗಡಿಸಿದ ತರಬೇತಿ ಅದು. ಅಲ್ಲಿ ಉಪನ್ಯಾಸ ಕೇಳಿ ಬರೆದುಕೊಳ್ಳುವುದಕ್ಕಿಂತ ಬೋರ್ಡಿನ ಮುಂದೆ ನಿಂತು ಉತ್ತರ ಕಟ್ಟುವುದೇ ಹೆಚ್ಚು. ಕಾಲೇಜಿನ ಬಿಎಸ್ಸಿ ಓದುವವರಿಗಂತೂ ಇದು ವರವೇ ಸರಿ. ಮೂರನೇ ಬೇಸಿಗೆಗೆ ಮೂರು ವಿಜ್ಞಾನ ಅಕಾಡೆಮಿಗಳ ಎರಡು ತಿಂಗಳ ಫೆಲೋಶಿಪ್ ಇದೆ. ಅರ್ಜಿ ಹಿಂದಿನ ವರ್ಷದ ಕೊನೆಗೇ ಹಾಕಬೇಕು, ಏಪ್ರಿಲ್‌ನಲ್ಲಿ ಎಚ್ಚರಾದರೆ ಪ್ರಯೋಜನವಿಲ್ಲ. ಪ್ರಯೋಗಶಾಲೆಯವರ ಹಾಗೆ ಗಣಿತದಲ್ಲಿ ಬೇಸಿಗೆಯಲ್ಲಿ ಪೇಪರ್ ಬರುವುದು ಅಪರೂಪ. ಒಂದು ಪುಸ್ತಕದ ಮೂರು ಅಧ್ಯಾಯ ಸರಿಯಾಗಿ ಓದಿ, ಅಭ್ಯಾಸ ಪ್ರಶ್ನೆ ಬಿಡಿಸಿ, ಒಬ್ಬ ಪ್ರಾಧ್ಯಾಪಕರಿಗೆ ಒಪ್ಪಿಸಿದರೆ ಅದೇ ಗೆಲುವು. ಅವರೇ ಮುಂದೆ ಶಿಫಾರಸು ಪತ್ರ ಬರೆಯುವವರು.

ಹಣದ ಮಾತು: ಬೋರ್ಡ್ ಪರೀಕ್ಷೆಯಲ್ಲಿ ಮೇಲಿನ ಶೇ. 1ರೊಳಗೆ ಬಂದು ಮೂಲವಿಜ್ಞಾನ ಓದುವವರಿಗೆ ಇನ್‌ಸ್ಪೈರ್ ವಿದ್ಯಾರ್ಥಿವೇತನ ವರ್ಷಕ್ಕೆ 80,000 ರೂಪಾಯಿ. ಇದರಲ್ಲಿ 60,000 ನೇರ ವೇತನ, 20,000 ಬೇಸಿಗೆಯ ಪ್ರಾಜೆಕ್ಟಿಗೆ. ಪ್ರಾಜೆಕ್ಟ್ ವರದಿ ಸಲ್ಲಿಸದೆ ಆ ಭಾಗ ಬಿಟ್ಟುಕೊಡುವವರಿದ್ದಾರೆ. ಐಎಸ್ಐನಲ್ಲಿ ಬೋಧನಾ ಶುಲ್ಕವಿಲ್ಲ, ಮೇಲೆ ಸ್ಟೈಪೆಂಡ್ ಕೊಡುತ್ತಾರೆ.

ಕೊನೆಯ ವರ್ಷದ ಇಕ್ಕಟ್ಟು

ಐದನೇ ವರ್ಷ ಥೀಸಿಸ್‌ಗೆ ಎಂದು ಹೇಳಿದೆವು. ಕ್ಯಾಲೆಂಡರ್ ಹಾಗೆ ಹೇಳುವುದಿಲ್ಲ. ಆಗಸ್ಟ್‌ನಲ್ಲಿ ಕೆಲಸ ಶುರುವಾಗುತ್ತದೆ. ಅಮೆರಿಕದ ಪಿಎಚ್‌ಡಿ ಅರ್ಜಿಗಳ ಗಡುವು ಬಹುತೇಕ ಡಿಸೆಂಬರ್. ಟಿಐಎಫ್‌ಆರ್ (ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ) ಪ್ರವೇಶ ಪರೀಕ್ಷೆ ಸಾಮಾನ್ಯವಾಗಿ ಡಿಸೆಂಬರ್‌ನಲ್ಲಿ. ಬೆಂಗಳೂರಿನ ಅದರ ಅನ್ವಯಿಕ ಗಣಿತ ಕೇಂದ್ರಕ್ಕೂ ದಾರಿ ಅದೇ. ಸಂಶೋಧನಾ ಫೆಲೋಶಿಪ್‌ಗೂ ಅಧ್ಯಾಪಕ ಹುದ್ದೆಗೂ ಅರ್ಹತೆ ಕೊಡುವ ಸಿಎಸ್‌ಐಆರ್ ನೆಟ್ ಪರೀಕ್ಷೆಯ ಒಂದು ಸರದಿ ಅದೇ ತಿಂಗಳ ಹೆಸರಿನದು. ರಾಷ್ಟ್ರೀಯ ಉನ್ನತ ಗಣಿತ ಮಂಡಳಿಯ (ಎನ್‌ಬಿಎಚ್‌ಎಂ) ಪರೀಕ್ಷೆಯೂ ಅದೇ ಚಳಿಗಾಲದ ಆಸುಪಾಸು. ಅಂದರೆ ನಾಲ್ಕು ತಿಂಗಳ ಥೀಸಿಸ್ ಮುಂದಿಟ್ಟುಕೊಂಡು ಮಾರ್ಗದರ್ಶಕರು ನಿಮ್ಮ ಬಗ್ಗೆ ಪತ್ರ ಬರೆಯಬೇಕು. ಹೊಸಬರಾದರೆ ಅವರು ಬರೆಯುವುದಾದರೂ ಏನನ್ನು? ಅದಕ್ಕೇ 8ನೇ ಸೆಮಿಸ್ಟರ್‌ನ ರೀಡಿಂಗ್ ಕೋರ್ಸ್ ಅವರ ಜೊತೆಯೇ ಆಗಿರಬೇಕು. ಮಾರ್ಗದರ್ಶಕರು ಆ ವರ್ಷ ರಜೆಯ ಮೇಲೆ ವಿದೇಶಕ್ಕೆ ಹೋಗುತ್ತಿಲ್ಲವಷ್ಟೇ ಎಂದು ಕೇಳಿಕೊಳ್ಳಿ, ಇನ್ನೊಬ್ಬರ ಹೆಸರೂ ಮನಸ್ಸಿನಲ್ಲಿರಲಿ.

ಥೀಸಿಸ್ ಎಂದರೆ ಹೊಸ ಪ್ರಮೇಯ ಹುಟ್ಟಬೇಕು ಎಂಬ ಭಯ ಬೇಡ. ಎಂಎಸ್ ಮಟ್ಟದಲ್ಲಿ ಒಂದು ಕಷ್ಟದ ಲೇಖನವನ್ನು ಹಿಡಿದು, ಅದರಲ್ಲಿ ‘ಸುಲಭವಾಗಿ ಕಾಣಬಹುದು’ ಎಂದು ಹಾರಿಸಿದ ಜಾಗಗಳನ್ನೆಲ್ಲ ತುಂಬಿ, ಉದಾಹರಣೆ ಕಟ್ಟಿ ಬರೆದರೆ ಬಹುಪಾಲು ಕಡೆ ಒಪ್ಪುತ್ತಾರೆ. ವಾರಕ್ಕೊಮ್ಮೆ ಮಾರ್ಗದರ್ಶಕರ ಮುಂದೆ ಬೋರ್ಡಿನಲ್ಲಿ ಒಪ್ಪಿಸಿ, ಒಪ್ಪಿಸಿದ್ದನ್ನು ಅದೇ ವಾರ ಲೇಟೆಕ್‌ನಲ್ಲಿ (ಗಣಿತ ಬರೆಯುವ ತಂತ್ರಾಂಶ) ಟೈಪ್ ಮಾಡಿ. ಮಾರ್ಚ್‌ವರೆಗೆ ನೋಟ್‌ಪುಸ್ತಕದಲ್ಲೇ ಇಟ್ಟುಕೊಂಡವರಿಗೆ ಏಪ್ರಿಲ್‌ನಲ್ಲಿ ತಮ್ಮದೇ ಅಕ್ಷರ ಅರ್ಥವಾಗುವುದಿಲ್ಲ.

ಪದವಿ ಪತ್ರದ ಮೇಲಿನ ಬರಹವನ್ನೂ ಮೊದಲೇ ವಿಚಾರಿಸಿ. ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಸಂಬಂಧಪಟ್ಟ ವಿಷಯದಲ್ಲಿ ಶೇ. 55 ಅಂಕದ ಸ್ನಾತಕೋತ್ತರ ಪದವಿ, ಅದರ ಮೇಲೆ ನೆಟ್ ಅಥವಾ ರಾಜ್ಯದ ಅರ್ಹತಾ ಪರೀಕ್ಷೆಯಾದ ಕೆಸೆಟ್ ಕೇಳುತ್ತಾರೆ. ನಿಮ್ಮ ಪತ್ರದಲ್ಲಿ ಬರೀ ‘ಬಿಎಸ್-ಎಂಎಸ್’ ಎಂದಿದ್ದು ಎಲ್ಲೂ ‘ಗಣಿತ’ ಎಂದಿಲ್ಲದಿದ್ದರೆ ದಾಖಲೆ ಪರಿಶೀಲನೆಯ ದಿನ ಮೇಜಿನ ಆಚೆ ಕೂತವರಿಗೆ ತಿಳಿಸಿ ಹೇಳುವುದು ಕಷ್ಟ. ಮೇಜರ್‌ಗೆ ಬೇಕಾದ ಕ್ರೆಡಿಟ್ ಪೂರ್ತಿಯಾಗಿದೆಯೇ, ಅಂಕಪಟ್ಟಿಯಲ್ಲಿ ಅದು ನಮೂದಾಗುತ್ತದೆಯೇ ಎಂದು 8ನೇ ಸೆಮಿಸ್ಟರ್‌ನಲ್ಲೇ ಕಚೇರಿಯಲ್ಲಿ ಕೇಳಿ, ಸಿಜಿಪಿಎಯನ್ನು ಶೇಕಡಾವಾರಿಗೆ ಬದಲಿಸಿದ ಪತ್ರವನ್ನೂ ತೆಗೆದಿಟ್ಟುಕೊಳ್ಳಿ.

ಇನ್ನು ಉಳಿದದ್ದು ನಾಲ್ಕನೇ ವರ್ಷಕ್ಕೆ ಬಿಎಸ್ ಹಿಡಿದು ಹೊರಡುವ ಪ್ರಶ್ನೆ. ಅಮೆರಿಕದಲ್ಲಿ ಪಿಎಚ್‌ಡಿಗೆ ನಾಲ್ಕು ವರ್ಷದ ಪದವಿ ಸಾಕು, ಅಲ್ಲಿಗೇ ಹೋಗುವುದಾದರೆ ಐದನೇ ವರ್ಷ ಕಡ್ಡಾಯವಲ್ಲ. ಜರ್ಮನಿ, ಫ್ರಾನ್ಸ್‌ಗಳಲ್ಲಿ ಸಾಮಾನ್ಯವಾಗಿ ಮಾಸ್ಟರ್ಸ್ ಕೇಳುತ್ತಾರೆ, ಅಲ್ಲಿಗಾದರೆ ಉಳಿಯಲೇಬೇಕು. ಆದರೆ ನಾಲ್ಕಕ್ಕೆ ಹೊರಡುವವರ ಅರ್ಜಿ 7ನೇ ಸೆಮಿಸ್ಟರ್‌ನ ಡಿಸೆಂಬರ್‌ನಲ್ಲಿ ಹೋಗಬೇಕು, ಪತ್ರ ಬರೆಯುವ ಮೂವರು ಪ್ರಾಧ್ಯಾಪಕರು 6ನೇ ಸೆಮಿಸ್ಟರ್ ಒಳಗೆ ನಿಮ್ಮನ್ನು ಬಲ್ಲವರಾಗಿರಬೇಕು, ಹಾಳೆಯ ಮೇಲಿನ ಸರಪಳಿ ಒಂದು ವರ್ಷ ಎಡಕ್ಕೆ ಸರಿಯಬೇಕು. ಹಾಗಾಗಿ ಹೊರಡುವುದೋ ಉಳಿಯುವುದೋ ಎಂಬ ತೀರ್ಮಾನಕ್ಕೆ ನಿಜವಾದ ಗಡುವು ಮೂರನೇ ವರ್ಷ ಶುರುವಾಗುವ ಮುಂಚಿನ ಬೇಸಿಗೆ.